ಪ್ರತಿ: ಸಿಂಪ್ಲಿ ರೆಡ್ ಹಾಡು ಯಾರ ಬಗ್ಗೆ?

'ಹೋಲ್ಡಿಂಗ್ ಬ್ಯಾಕ್ ದಿ ಇಯರ್ಸ್' ಪ್ರೇಮ ಮುರಿದ ಹಾಡಾ, ಬ್ರಿಟಿಷ್ ಪಾಪ್ ತಂಡ ಸಿಂಪ್ಲಿ ರೆಡ್‌ನವರದೇ ಸ್ವಂತದ್ದಾ ಅಂತ ಕೇಳಿದ್ದೀರಿ. ಪ್ರೇಮದ್ದಲ್ಲ. ಗಾಯಕ ಮಿಕ್ ಹಕ್ನಾಲ್‌ಗೆ ಮೂರು ವರ್ಷವಿದ್ದಾಗ ತಾಯಿ ಮನೆ ಬಿಟ್ಟು ಹೋದರು. ಕ್ಷೌರಿಕರಾಗಿದ್ದ ತಂದೆ ಒಬ್ಬರೇ ಸಾಕಿದರು. ಹದಿಹರೆಯದಲ್ಲಿ ಅವನು ಬರೆದದ್ದು ಆ ನೋವನ್ನೇ. ಅಷ್ಟು ಚಿಕ್ಕ ಹುಡುಗ ಇಷ್ಟು ದಣಿದ ಸಾಲುಗಳನ್ನು ಬರೆದನಲ್ಲ ಅನ್ನೋದೇ ನನಗೆ ಆಶ್ಚರ್ಯ.

ಸ್ವಂತದ್ದೇ, ಆದರೆ ಮೊದಲು ಹಾಡಿದ್ದು ಬೇರೆ ತಂಡ. ಮ್ಯಾಂಚೆಸ್ಟರ್‌ನಲ್ಲಿ ಹಕ್ನಾಲ್‌ಗೆ ಫ್ರಾಂಟಿಕ್ ಎಲಿವೇಟರ್ಸ್ ಅಂತ ಪಂಕ್ (ಒರಟು ರಾಕ್) ತಂಡವಿತ್ತು. ಅವರು 1982ರಲ್ಲೇ ಇದನ್ನು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ತಂದರು, ಯಾರೂ ಕಿವಿಗೊಡಲಿಲ್ಲ. ಸಿಂಪ್ಲಿ ರೆಡ್ 1985ರಲ್ಲಿ ತಂದಾಗಲೂ ಬ್ರಿಟನ್‌ನಲ್ಲಿ ಜಾಸ್ತಿ ಓಡಲಿಲ್ಲ. 1986ರಲ್ಲಿ ಮತ್ತೆ ಬಿಟ್ಟರು ನೋಡಿ, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನ, ಅಮೆರಿಕದಲ್ಲಿ ಮೊದಲನೆಯದು!

ನೀವು ಬೇರೆಯವರ ಹಾಡು ಅಂದುಕೊಂಡಿದ್ದು ಬಹುಶಃ 'ಇಫ್ ಯು ಡೋಂಟ್ ನೋ ಮಿ ಬೈ ನೌ' ಇಂದಾಗಿ. ಅದನ್ನು ಹೆರಾಲ್ಡ್ ಮೆಲ್ವಿನ್ ಅವರ ಬ್ಲೂ ನೋಟ್ಸ್ ತಂಡ 1972ರಲ್ಲೇ ಹಾಡಿತ್ತು. ಸಿಂಪ್ಲಿ ರೆಡ್ ಹಾಡಿದ್ದು 1989ರಲ್ಲಿ. ಅದೂ ಚೆನ್ನಾಗಿದೆ, ಆದರೆ ನನ್ನ ಓಟು ಹಳೆಯದಕ್ಕೇ.

ಎಲಿವೇಟರ್ಸ್ ಹಾಡಿದ್ದನ್ನೂ ಒಮ್ಮೆ ಹುಡುಕಿ ಕೇಳಿ. ಸಿಂಪ್ಲಿ ರೆಡ್ ಹಾಡಿನಲ್ಲಿರುವ ಟ್ರಂಪೆಟ್, ಆ ನಯ ಏನೂ ಅದರಲ್ಲಿಲ್ಲ, ತೀರಾ ಬೋಳು ಬೋಳು.