ಯೂನಿಫಾರ್ಮ್ ಹಾಕಿದವರೆಲ್ಲ ಹೀರೋಗಳಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡವರೇ ಜಾಸ್ತಿ, ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ತಮ್ಮ ಸೇನೆಯಿಂದ ನಿವೃತ್ತಿಯಾಗಿ ಬಂದಿದ್ದಾನೆ. ಅಲ್ಲಿ ಸ್ಟೋರ್ಸ್ ವಿಭಾಗದಲ್ಲಿದ್ದ. ಒಂದು ಸಮಾರಂಭದಲ್ಲಿ ಅವನನ್ನು ವೇದಿಕೆಗೆ ಕರೆದು ‘ನಮ್ಮ ಹೀರೋ’ ಎಂದು ಹೊಗಳಿದರು. ಕೆಳಗೆ ಕೂತಿದ್ದ ನೆಂಟರೊಬ್ಬರು ‘ಲೆಕ್ಕ ಬರೆದವನು ಯಾವ ಸೀಮೆ ಹೀರೋ’ ಎಂದರು. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ತಮ್ಮ ಮಾತ್ರ ಬಾಯಿ ಬಿಡಲಿಲ್ಲ. ನೀವೇ ಹೇಳಿ, ಸೇನೆಯಲ್ಲಿ ಇದ್ದರೆ ಸಾಕಾ ಹೀರೋ ಆಗಲು?

ಉತ್ತರ: ಸಾಲದು. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ನಿಮ್ಮ ನೆಂಟರು ಈ ಪುಟವನ್ನು ಎಲ್ಲರಿಗೂ ತೋರಿಸುತ್ತಾ ಓಡಾಡುತ್ತಾರೆ ಎಂಬ ಭಯ. ಅವರು ಹೇಳಿದ್ದೂ ತಪ್ಪೇ.

ಸೇನೆಯಲ್ಲಿ ಇದ್ದವರೆಲ್ಲ ಹೀರೋ ಎಂದು ಸೇನೆಗಳೇ ಹೇಳುವುದಿಲ್ಲ. ಹೊರಗಿರುವ ನಾವು ಹೇಳುತ್ತೇವೆ. ಈ ವಿಷಯದಲ್ಲಿ ಸೇನೆಗಳದ್ದು ಭಾರಿ ಬಿಗಿ ಕೈ. ಪರಮವೀರ ಚಕ್ರವನ್ನೇ ನೋಡಿ. 1947ರಿಂದ ಈವರೆಗೆ ಲಕ್ಷಾಂತರ ಜನ ಸೇನೆಗೆ ಸೇರಿದ್ದಾರೆ, ಅದು ಸಿಕ್ಕಿದ್ದು 21 ಜನರಿಗೆ. ಅವರಲ್ಲಿ 14 ಜನರಿಗೆ ಸತ್ತ ಮೇಲೆ ಸಿಕ್ಕಿತು. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ 1856ರಲ್ಲಿ ಶುರುವಾಯಿತು. ಎರಡು ಮಹಾಯುದ್ಧಗಳನ್ನೂ ಸೇರಿಸಿ ಇದುವರೆಗೆ ಕೊಟ್ಟಿದ್ದು ಸುಮಾರು 1,350. ಇಂಥ ಪದಕಗಳ ಜೊತೆ, ಯಾಕೆ ಕೊಟ್ಟರು ಎಂದು ಬರೆದ ಒಂದು ಸಿಟೇಷನ್ ಬರುತ್ತದೆ. ಓದಿ ನೋಡಿ, ಇಷ್ಟು ವರ್ಷ ಸೇವೆ ಮಾಡಿದರು ಎಂಬ ಕಾರಣ ಅದರಲ್ಲಿ ಇರುವುದಿಲ್ಲ. ಯಾವತ್ತು, ಎಲ್ಲಿ, ಏನು ಮಾಡಿದರು ಎಂದು ಇರುತ್ತದೆ. ವರ್ಷ ಎಣಿಸಿ ಕೊಡುವ ಪದಕಗಳೂ ಇವೆ, ಅವು ಬೇರೆ.

ಇನ್ನೊಂದು ವಿಷಯ. ಸೇನೆಯಲ್ಲಿದ್ದವರೆಲ್ಲ ತಾವಾಗಿಯೇ ಹೋದವರೂ ಅಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ, ವಿಯೆಟ್ನಾಂ ಯುದ್ಧದ ಸಮಯ, ಸೇನೆಗೆ ಯಾರನ್ನು ಕರೆಯಬೇಕು ಎಂದು ಲಾಟರಿ ಎತ್ತಿದರು. ಫೆಬ್ರವರಿ 29ನ್ನೂ ಸೇರಿಸಿ ವರ್ಷದ 366 ದಿನಗಳನ್ನು ಚೀಟಿಗಳಲ್ಲಿ ಬರೆದು, ಗಾಜಿನ ಪಾತ್ರೆಗೆ ಹಾಕಿ, ಟಿವಿಯವರ ಮುಂದೆ ಒಂದೊಂದಾಗಿ ತೆಗೆದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರಿಗೆ ಮೊದಲ ಕರೆ. ಚೀಟಿ ಬಂತು ಎಂಬ ಕಾರಣಕ್ಕೇ ಒಬ್ಬ ಹೀರೋ, ಬರಲಿಲ್ಲ ಎಂಬ ಕಾರಣಕ್ಕೆ ಇನ್ನೊಬ್ಬ ಅಲ್ಲ ಎನ್ನೋಕಾಗುತ್ತಾ? ಹೋದವನು ಅಲ್ಲಿ ಏನು ಮಾಡಿದ ಎಂದು ಕೇಳಲೇಬೇಕಾಗುತ್ತದೆ.

ಈಗ ನಿಮ್ಮ ನೆಂಟರ ವಿಚಾರ. ‘ಲೆಕ್ಕ ಬರೆದವನು’ ಎಂದು ಮೂಗು ಮುರಿದರಲ್ಲ, ಆ ಲೆಕ್ಕ ತಪ್ಪಿದರೆ ಮುಂದೆ ನಿಂತವನ ಬಂದೂಕಿನಲ್ಲಿ ಗುಂಡು ಇರುವುದಿಲ್ಲ, ಹೊಟ್ಟೆಗೆ ಊಟ ಇರುವುದಿಲ್ಲ, ಗಾಯಕ್ಕೆ ಔಷಧಿ ಇರುವುದಿಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಜನ ಗುಂಡಿಗೆ ಸತ್ತವರಲ್ಲ. ಭೇದಿ, ಟೈಫಾಯ್ಡ್, ನ್ಯುಮೋನಿಯಾಕ್ಕೆ ಸತ್ತವರು. ಸೇನೆಯನ್ನು ಬದುಕಿಸಿ ಇಡುವುದೇ ಒಂದು ದೊಡ್ಡ ಕೆಲಸ, ಅದನ್ನು ಮಾಡುವವರು ಫೋಟೋದಲ್ಲಿ ಕಾಣುವುದಿಲ್ಲ ಅಷ್ಟೆ. ಅಡುಗೆಯವರು, ಡ್ರೈವರುಗಳು, ಮೆಕ್ಯಾನಿಕ್‌ಗಳು, ಗುಮಾಸ್ತರು ಇಲ್ಲದೆ ಯಾವ ಸೇನೆಯೂ ನಡೆಯುವುದಿಲ್ಲ. ಸಾಮಾನು ಸಾಗಿಸುವ ಲಾರಿಗಳ ಮೇಲೂ ಬಾಂಬ್ ಬೀಳುತ್ತದೆ.

ನಿಮ್ಮ ತಮ್ಮ ನಿಯತ್ತಾಗಿ ಕೆಲಸ ಮಾಡಿದ್ದಾರೆ. ಅದಕ್ಕೆ ಮರ್ಯಾದೆ ಸಿಗಲೇಬೇಕು. ಹೀರೋ ಅಲ್ಲ ಎಂದ ಮಾತ್ರಕ್ಕೆ ಏನೂ ಅಲ್ಲ ಎಂದಾಗುವುದಿಲ್ಲ. ಇವೆರಡರ ನಡುವೆ ಬೇಕಾದಷ್ಟು ಜಾಗ ಇದೆ, ಲೋಕದ ಒಳ್ಳೆಯವರಲ್ಲಿ ಹೆಚ್ಚಿನವರು ಇರುವುದೂ ಅಲ್ಲೇ. ಅಂದಹಾಗೆ, ತಮ್ಮ ಬಾಯಿ ಬಿಡಲಿಲ್ಲ ಎಂದಿರಿ. ಅವರನ್ನು ಏನು ಎಂದು ಕರೆಯಬೇಕು ಎಂದು ಇಷ್ಟೆಲ್ಲ ಜಗಳ ಆಡಿದವರಲ್ಲಿ ಒಬ್ಬರಾದರೂ ಅವರನ್ನೇ ಕೇಳಿದಿರಾ?

ಪ್ರಶ್ನೆ: ಮನೆಯಲ್ಲಿ ಹಾಯಾಗಿ ಕೂತು ಸೈನಿಕರು ಹೀರೋಗಳಾ ಅಲ್ವಾ ಎಂದು ಚರ್ಚೆ ಮಾಡುವುದೇ ಅವರಿಗೆ ಮಾಡುವ ಅವಮಾನ. ಎಲ್ಲರನ್ನೂ ಹೀರೋ ಎಂದರೆ ನಿಮಗೇನು ನಷ್ಟ?

ಉತ್ತರ: ನನಗೆ ಏನೂ ಇಲ್ಲ. ನಷ್ಟ ಸೈನಿಕರಿಗೆ.

ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ ತನ್ನದೇ ಸೇನೆಯ ಸೈನಿಕರನ್ನು ಗೋಡೆಗೋ ಕಂಬಕ್ಕೋ ನಿಲ್ಲಿಸಿ ಗುಂಡಿಟ್ಟು ಕೊಂದಿತು. ಕಾರಣ, ಓಡಿಹೋದರು, ಹೆದರಿದರು, ಪಹರೆ ಬಿಟ್ಟರು ಎಂಬಂಥವು. ಅವರಲ್ಲಿ ಎಷ್ಟೋ ಜನ ಶೆಲ್ ಬೀಳುವ ಸದ್ದಿಗೆ ಮನಸ್ಸು ಕೆಟ್ಟು, ಕೈಕಾಲು ನಡುಗುತ್ತಾ ಇದ್ದವರು, ಕೆಲವರು ಇನ್ನೂ ಹುಡುಗರು. 2006ರಲ್ಲಿ, ಅಂದರೆ ಸುಮಾರು 90 ವರ್ಷ ಆದಮೇಲೆ, ಅಲ್ಲಿನ ಸರ್ಕಾರ ಇಂಥ 306 ಜನರಿಗೆ ಕ್ಷಮೆ ಕೊಟ್ಟಿತು. ಅಷ್ಟೂ ವರ್ಷ ಅವರ ಮನೆಯವರು ‘ಹೇಡಿಯ ಮನೆಯವರು’ ಎನಿಸಿಕೊಂಡು ಬದುಕಿದರು.

ಇದನ್ನು ಯಾಕೆ ಹೇಳಿದೆ ಎಂದರೆ, ಸೈನಿಕ ಅಂದರೆ ಹೀರೋ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ, ಹೆದರಿದವನಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ನಿದ್ದೆ ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಅದೇ ದೃಶ್ಯ ಬರುತ್ತದೆ, ನಾನು ಅಲ್ಲಿ ಮಾಡಿದ್ದು ಸರಿಯಾ ಗೊತ್ತಿಲ್ಲ ಎಂದು ಅವನು ಯಾರ ಹತ್ತಿರ ಹೇಳಬೇಕು? ಹೀರೋ ಹಾಗೆಲ್ಲ ಅಳುವುದಿಲ್ಲ, ಅಲ್ವಾ? ಸುಮ್ಮನಾಗುತ್ತಾನೆ. ಚಿಕಿತ್ಸೆಗೂ ಹೋಗುವುದಿಲ್ಲ. ಇದರ ಜೊತೆಗೆ, ಹೀರೋ ಎನ್ನಲು ದುಡ್ಡು ಖರ್ಚಾಗುವುದಿಲ್ಲ, ಆದರೆ ಆಸ್ಪತ್ರೆ, ಪಿಂಚಣಿ, ಕೃತಕ ಕಾಲು, ಗಂಡ ಸತ್ತವಳಿಗೆ ನೆರವು ಇವಕ್ಕೆಲ್ಲ ಖರ್ಚಾಗುತ್ತದೆ. ಚಪ್ಪಾಳೆ ಜೋರಾಗಿದ್ದ ಕಡೆ ಈ ಕಡತಗಳು ನಿಧಾನವಾಗಿ ಓಡಿದರೂ ಯಾರೂ ಕೇಳುವುದಿಲ್ಲ.

ಮನೆಯಲ್ಲಿ ಕೂತವರು ಮಾತಾಡಬಾರದು ಎಂಬುದನ್ನಂತೂ ನಾನು ಒಪ್ಪುವುದಿಲ್ಲ. ಸೈನಿಕನನ್ನು ಯುದ್ಧಕ್ಕೆ ಕಳಿಸುವ ತೀರ್ಮಾನ ಮಾಡುವವರೂ ಮನೆಯಲ್ಲಿ ಕೂತವರೇ.

ಪ್ರಶ್ನೆ: ಒಂದೂ ಗುಂಡು ಹಾರಿಸದ ಸೈನಿಕ ಹೀರೋ ಆಗಬಹುದಾ?

ಉತ್ತರ: ಧಾರಾಳವಾಗಿ. ವಿಕ್ಟೋರಿಯಾ ಕ್ರಾಸ್ ಎರಡೆರಡು ಸಲ ಪಡೆದವರು ಇಡೀ ಚರಿತ್ರೆಯಲ್ಲಿ ಮೂರೇ ಜನ. ಅವರಲ್ಲಿ ಇಬ್ಬರು, ಆರ್ಥರ್ ಮಾರ್ಟಿನ್ ಲೀಕ್ ಮತ್ತು ನೋಯೆಲ್ ಚಾವಸ್, ಡಾಕ್ಟರುಗಳು. ಗಾಯಗೊಂಡವರನ್ನು ಗುಂಡಿನ ಮಳೆಯ ನಡುವೆ ಹೋಗಿ ಎತ್ತಿಕೊಂಡು ಬಂದದ್ದಕ್ಕೆ ಸಿಕ್ಕಿದ್ದು. ಅಮೆರಿಕದ ಡೆಸ್ಮಂಡ್ ಡಾಸ್ ಬಂದೂಕು ಮುಟ್ಟುವುದಿಲ್ಲ ಎಂದು ಹಟ ಹಿಡಿದು, ಜೊತೆಯವರ ಕೈಲಿ ಬೈಸಿಕೊಂಡು, 1945ರಲ್ಲಿ ಒಕಿನಾವಾದ ಒಂದು ಕಡಿದಾದ ಗುಡ್ಡದ ಮೇಲಿನಿಂದ ಸುಮಾರು 75 ಗಾಯಾಳುಗಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು. ಆ ದೇಶದ ಅತಿ ದೊಡ್ಡ ಪದಕ ಅವರಿಗೆ ಸಿಕ್ಕಿತು.

ಪ್ರಶ್ನೆ: ಆಜ್ಞೆ ಪಾಲಿಸುವುದೇ ಸೈನಿಕನ ಕರ್ತವ್ಯ. ಪ್ರಶ್ನೆ ಕೇಳದೆ ಪಾಲಿಸಿದವನು ಹೀರೋ ಅಲ್ವಾ?

ಉತ್ತರ: ಶಿಸ್ತಿಲ್ಲದೆ ಸೇನೆ ಇಲ್ಲ, ಅದು ಸರಿ. ಆದರೆ ನಿಮಗೆ 1968ರ ಮಾರ್ಚ್ 16ರ ಕಥೆ ಹೇಳಬೇಕು. ವಿಯೆಟ್ನಾಂನ ಮೈ ಲಾಯ್ ಎಂಬ ಹಳ್ಳಿಗೆ ಅಮೆರಿಕದ ಒಂದು ತುಕಡಿ ನುಗ್ಗಿತು. ಶತ್ರು ಸೈನಿಕರು ಇದ್ದಾರೆ ಎಂದು ಅವರಿಗೆ ಹೇಳಲಾಗಿತ್ತು. ಇದ್ದದ್ದು ಹೆಂಗಸರು, ಮಕ್ಕಳು, ಮುದುಕರು. ಅವರನ್ನೇ ಗುಂಪುಗುಂಪಾಗಿ ಕೊಂದರು. ವಿಯೆಟ್ನಾಂನ ಲೆಕ್ಕದಲ್ಲಿ ಸತ್ತವರು 504, ಅಮೆರಿಕದ ಲೆಕ್ಕದಲ್ಲಿ 347.

ಮೇಲೆ ಒಂದು ಹೆಲಿಕಾಪ್ಟರ್ ಹಾರುತ್ತಿತ್ತು. ಪೈಲಟ್ ಹ್ಯೂ ಥಾಂಪ್ಸನ್, ವಯಸ್ಸು ಇಪ್ಪತ್ನಾಲ್ಕು. ಜೊತೆಗೆ ಇನ್ನಿಬ್ಬರು, ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೋಟಾ. ಕೆಳಗೆ ನಡೆಯುತ್ತಿದ್ದದ್ದು ಅರ್ಥವಾದಾಗ ಥಾಂಪ್ಸನ್ ಹೆಲಿಕಾಪ್ಟರನ್ನು ತಮ್ಮದೇ ಸೈನಿಕರಿಗೂ ಓಡುತ್ತಿದ್ದ ಹಳ್ಳಿಯವರಿಗೂ ನಡುವೆ ಇಳಿಸಿದರು. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಎಂದು ಜೊತೆಯವರಿಗೆ ಹೇಳಿದರು. ಬೇರೆ ಹೆಲಿಕಾಪ್ಟರ್ ಕರೆಸಿ, ಬದುಕಿದ್ದ ಹತ್ತು ಹನ್ನೆರಡು ಜನರನ್ನು ಸಾಗಿಸಿದರು. ಹೆಣಗಳಿಂದ ತುಂಬಿದ್ದ ಕಾಲುವೆಗೆ ಇಳಿದು ಆಂಡ್ರಿಯೋಟಾ ಒಂದು ಮಗುವನ್ನು ಎತ್ತಿಕೊಂಡು ಬಂದರು.

ಆಮೇಲೆ ಏನಾಯಿತು ಎಂದು ಕೇಳಿ. ಕೊಲೆ ಸಾಬೀತಾಗಿ ಶಿಕ್ಷೆ ಆಗಿದ್ದು ಒಬ್ಬನಿಗೆ, ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ. 1971ರಲ್ಲಿ ಜೀವಾವಧಿ ಎಂದರು, ಮೂರು ವರ್ಷದ ಆಸುಪಾಸು ಗೃಹಬಂಧನದಲ್ಲಿದ್ದು ಹೊರಬಂದ. ತಾನು ಆಜ್ಞೆ ಪಾಲಿಸಿದೆ ಎನ್ನುವುದೇ ಅವನ ವಾದ. ಅವನ ಪರವಾಗಿ ದೇಶದ ತುಂಬ ಜನ ನಿಂತರು. ಥಾಂಪ್ಸನ್‌ಗೆ ಬಂದದ್ದು ಕೊಲೆ ಬೆದರಿಕೆ. 1998ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ, ಆ ಮೂವರಿಗೂ ಸೋಲ್ಜರ್ಸ್ ಮೆಡಲ್ ಕೊಟ್ಟರು. ಆಂಡ್ರಿಯೋಟಾ ಮೈ ಲಾಯ್ ಆಗಿ ಕೆಲವೇ ವಾರಗಳಲ್ಲಿ ಯುದ್ಧದಲ್ಲಿ ಸತ್ತಿದ್ದರು. ಆ ಪದಕ ಇರುವುದು ಶತ್ರುವಿನ ಎದುರಿಗಲ್ಲದ ಧೈರ್ಯಕ್ಕೆ. ಇನ್ಯಾವುದು ಕೊಡುತ್ತಾರೆ ಪಾಪ, ಎದುರಿಗೆ ಇದ್ದವರು ಅವರದೇ ಸೇನೆಯವರಲ್ವಾ!

ಅದೇ ಯೂನಿಫಾರ್ಮ್, ಅದೇ ದಿನ, ಅದೇ ಹಳ್ಳಿ. ಯೂನಿಫಾರ್ಮ್ ನೋಡಿ ಹೀರೋ ಎನ್ನುವುದಾದರೆ ಕ್ಯಾಲಿಯನ್ನೂ ಥಾಂಪ್ಸನ್‌ರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ನನ್ನಿಂದ ಅದು ಆಗುವುದಿಲ್ಲ.

ಸೋವಿಯತ್ ಸೇನೆಯ ಸ್ಟಾನಿಸ್ಲಾವ್ ಪೆಟ್ರೋವ್ ಅವರದ್ದು ಇನ್ನೊಂದು ಥರ. 1983ರ ಸೆಪ್ಟೆಂಬರ್ 26ರ ರಾತ್ರಿ, ಶತ್ರುವಿನ ಕ್ಷಿಪಣಿ ಹೊರಟರೆ ಎಚ್ಚರಿಸಲೆಂದೇ ಅವರ ಮುಂದಿದ್ದ ಪರದೆ, ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದು ತೋರಿಸಿತು. ದಾಳಿ ಎಂದು ಮೇಲಿನವರಿಗೆ ವರದಿ ಮಾಡಿದ್ದರೆ ಏನಾಗುತ್ತಿತ್ತೋ. ಇದು ಯಂತ್ರದ ತಪ್ಪು ಎಂದು ಅವರು ನಿರ್ಧರಿಸಿದರು, ಅದು ನಿಜಕ್ಕೂ ತಪ್ಪೇ ಆಗಿತ್ತು. ಬಹುಮಾನದ ಬದಲು, ಲಾಗ್ ಪುಸ್ತಕ ಸರಿಯಾಗಿ ತುಂಬಿಲ್ಲ ಎಂದು ಬೈಗುಳ ಸಿಕ್ಕಿತು. ನಾನು ನನ್ನ ಕೆಲಸ ಮಾಡಿದೆ ಅಷ್ಟೆ ಎನ್ನುತ್ತಿದ್ದರು.

ಪ್ರಶ್ನೆ: ನಮ್ಮ ಮಾವ ಸೇನೆಯಲ್ಲಿದ್ದವರು, ಯುದ್ಧವನ್ನೂ ಕಂಡವರು. ಮನೆಯಲ್ಲಿ ಅತ್ತೆಯ ಮೇಲೆ ಕೈ ಮಾಡುತ್ತಾರೆ. ನಾನು ಬಾಯಿ ಬಿಟ್ಟರೆ ‘ದೇಶಕ್ಕಾಗಿ ದುಡಿದವರ ಬಗ್ಗೆ ಹಾಗೆಲ್ಲ ಮಾತಾಡಬೇಡ’ ಎಂದು ನಾದಿನಿಯರೇ ನನ್ನ ಬಾಯಿ ಮುಚ್ಚಿಸುತ್ತಾರೆ. ನಾನು ತಪ್ಪಾ?

ಉತ್ತರ: ಇಲ್ಲಮ್ಮ, ನೀವು ತಪ್ಪಲ್ಲ. ದೇಶಕ್ಕೆ ಅವರಿಂದ ಉಪಕಾರ ಆಗಿದ್ದರೆ ಅದನ್ನು ದೇಶ ತೀರಿಸಲಿ. ನಿಮ್ಮ ಅತ್ತೆ ಪೆಟ್ಟು ತಿಂದು ತೀರಿಸಬೇಕಾಗಿಲ್ಲ.

ನಿಮ್ಮ ಮಾವ ಯುದ್ಧಭೂಮಿಯಲ್ಲಿ ನಿಜಕ್ಕೂ ಧೈರ್ಯ ತೋರಿಸಿರಬಹುದು. ಅದು ಸುಳ್ಳು ಎನ್ನಬೇಕಾಗಿಲ್ಲ. ಮನೆಯಲ್ಲಿ ಹೊಡೆಯುವುದೂ ನಿಜ. ಒಂದೇ ಮನುಷ್ಯ ಎರಡನ್ನೂ ಮಾಡಬಲ್ಲ. ಯುದ್ಧದಲ್ಲಿ ಕಂಡದ್ದು ಅವರನ್ನು ಒಳಗೆ ಕೊರೆಯುತ್ತಿದ್ದರೆ, ಸಿಟ್ಟು, ಕುಡಿತ, ರಾತ್ರಿ ಬೆಚ್ಚಿಬೀಳುವುದು ಇದ್ದರೆ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ವಾಸಿ ಮಾಡುವ ದಾರಿಗಳಿವೆ. ಆದರೆ ಕಾರಣ ಇದೆ ಎಂದರೆ ಹೊಡೆಯಲು ಪರವಾನಗಿ ಇದೆ ಎಂದಲ್ಲ. ಮೊದಲು ಅತ್ತೆಯ ಜೊತೆ ಒಬ್ಬರೇ ಇದ್ದಾಗ ಮಾತಾಡಿ, ಅವರಿಗೆ ಏನು ಬೇಕು ಎಂದು ಕೇಳಿ. ಜೀವಕ್ಕೆ ಅಪಾಯ ಅನ್ನಿಸಿದರೆ ಪೊಲೀಸರಿಗೆ ತಿಳಿಸಲು ಹಿಂದೆಮುಂದೆ ನೋಡಬೇಡಿ. ನಾದಿನಿಯರಿಗೆ ಬೇಕಾದರೆ ಈ ಪುಟ ಓದಲು ಕೊಡಿ, ಬೈಯುವುದಿದ್ದರೆ ನನಗೇ ಬರೆಯಲಿ.

ಪ್ರಶ್ನೆ: ಸೇನೆಯಿಂದ ಬಂದವರು ಸಿಕ್ಕಾಗ ಏನು ಮಾತಾಡಬೇಕು ಎಂದೇ ತಿಳಿಯುವುದಿಲ್ಲ. ಹೀರೋ ಎನ್ನಬಾರದು ಎಂದರೆ ಮತ್ತೇನು ಹೇಳಬೇಕು?

ಉತ್ತರ: ಎಷ್ಟು ಜನರನ್ನು ಕೊಂದಿರಿ ಎಂದು ಮಾತ್ರ ಕೇಳಬೇಡಿ. ಎಲ್ಲಿದ್ದಿರಿ, ಕೆಲಸ ಏನಿತ್ತು, ಜೊತೆಗೆ ಎಂಥವರಿದ್ದರು ಎಂದು ಕೇಳಿ, ಹೇಳಿದಷ್ಟು ಕೇಳಿಸಿಕೊಳ್ಳಿ. ಈಗ ಕೆಲಸ ಹುಡುಕುತ್ತಿದ್ದಾರೆ ಎಂದು ಗೊತ್ತಾದರೆ, ನಿಮಗೆ ಗೊತ್ತಿರುವ ಒಬ್ಬರ ನಂಬರ್ ಕೊಟ್ಟು, ನೀವೇ ಅವರಿಗೆ ಒಂದು ಫೋನ್ ಮಾಡಿ ಹೇಳಿ.