ಡಿಸೆಂಬರಿನ ಗಿರಾಕಿ, ಫೆಬ್ರವರಿಯ ಬಾಡಿಗೆ

ತಂಗಿ,

ನಿನ್ನ ಪತ್ರ ಓದಿದೆ. ಗಂಡನ ಕೆಲಸಕ್ಕೆ ಅಂತ ಸೆಪ್ಟೆಂಬರಿನಲ್ಲಿ ಹಾಸನದಿಂದ ನ್ಯೂಯಾರ್ಕ್ ರಾಜ್ಯದ ಈ ಕಾರ್ನಿಂಗ್‌ಗೆ ಬಂದಿದ್ದೀಯ. ನವೆಂಬರ್ ಕೊನೆಯಿಂದ ಊರಲ್ಲಿ ಒಂದರ ಹಿಂದೆ ಒಂದು ಕಾರ್ಯಕ್ರಮ ಅಂತ ಚೀಟಿ ಬಂದಿದೆಯಂತೆ. ಯಾವುದಕ್ಕೆ ಹೋಗಬೇಕು, ಪಕ್ಕದ ಮನೆಯವರು ಊಟಕ್ಕೆ ಕರೆದರೆ ಏನು ಒಯ್ಯಬೇಕು, ಗಂಡನ ಆಫೀಸಿನಲ್ಲಿ ಉಡುಗೊರೆ ಬದಲಾಯಿಸಿಕೊಳ್ಳುವುದು ಅಂದರೆ ಏನು, ಚಳಿಗೆ ಏನು ಮಾಡಬೇಕು ಅಂತೆಲ್ಲ ಕೇಳಿದ್ದೀಯ. ಕಡೆಗೆ ಒಂದೇ ಸಾಲು: "ಮಾರ್ಕೆಟ್ ಸ್ಟ್ರೀಟಿನಲ್ಲಿ ಒಂದು ಮಳಿಗೆ ಖಾಲಿ ಇದೆ, ನಮ್ಮ ಕಡೆಯ ಸಾಮಾನು ಇಟ್ಟು ಅಂಗಡಿ ಹಾಕಿದರೆ ಹೇಗೆ ಅಕ್ಕಾ?" ನೀನು ನಿಜವಾಗಿ ಕೇಳಬೇಕು ಅಂದುಕೊಂಡಿದ್ದು ಅದೊಂದೇ ಅಂತ ನನಗನ್ನಿಸಿತು.

ಸಣ್ಣಪುಟ್ಟದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಚಳಿಗೆ ಒಳ್ಳೆಯ ಬೂಟು ತಗೋ, ಕೋಟಿನಲ್ಲಿ ಬೇಕಾದರೆ ದುಡ್ಡು ಉಳಿಸು. ಊಟಕ್ಕೆ ಕರೆದರೆ ಹೇಳಿದ ಹೊತ್ತಿಗೆ ಸರಿಯಾಗಿ ಹೋಗು, ನಮ್ಮ ಕಡೆಯ ಹಾಗೆ ಒಂದು ಗಂಟೆ ತಡ ಮಾಡಬೇಡ. ಚಿತ್ರಾನ್ನ ಒಯ್ಯಬಹುದು, ಆದರೆ ಶೇಂಗಾ ಹಾಕಿದ್ದರೆ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡು. ಇಲ್ಲಿ ಶೇಂಗಾ ಆಗದವರು ಜಾಸ್ತಿ. ಆಫೀಸಿನ ಉಡುಗೊರೆಗೆ ಇಷ್ಟೇ ಡಾಲರ್ ಅಂತ ಹೇಳಿರುತ್ತಾರೆ. ಅಷ್ಟರೊಳಗೇ ಕೊಡು, ಮೇಲೆ ಹೋದರೆ ತಗೊಂಡವರಿಗೇ ಮುಜುಗರ. ಡಿಸೆಂಬರ್ 25ಕ್ಕೆ ವೆಗ್‌ಮನ್ಸ್ ಸೂಪರ್‌ಮಾರ್ಕೆಟ್ ಕೂಡ ಮುಚ್ಚಿರುತ್ತದೆ. ಹಾಲು, ಮೊಸರು 23ಕ್ಕೇ ತಂದಿಟ್ಟುಕೋ.

ಕಾರ್ಯಕ್ರಮಗಳಿಗೆ ಎಲ್ಲದಕ್ಕೂ ಹೋಗು. ಈ ವರ್ಷ ಮನೆಯಲ್ಲಿ ಕೂರಲೇಬೇಡ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅವತ್ತು ಬೀದಿ ಬಿಕೋ ಅನ್ನುತ್ತದೆ. ಅದಾಗಿ ಶನಿವಾರ ಸಣ್ಣ ಅಂಗಡಿಗಳ ದಿನ. ಅದೇನು ಹಳೆಯ ಸಂಪ್ರದಾಯ ಅಲ್ಲ, 2010ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನವರು ಶುರು ಮಾಡಿದ್ದು. ಆದರೂ ಊರಿನವರು ಅದನ್ನು ತಮ್ಮದೇ ಅನ್ನುವ ಹಾಗೆ ಮಾಡಿಕೊಂಡಿದ್ದಾರೆ. ಡಿಸೆಂಬರ್ ಮೊದಲಲ್ಲಿ ಮಾರ್ಕೆಟ್ ಸ್ಟ್ರೀಟಿಗೆ ವಾಹನ ಬಿಡದೆ ಸ್ಪಾರ್ಕಲ್ ಅಂತ ಬೀದಿ ಹಬ್ಬ ಮಾಡುತ್ತಾರೆ. ಗಡಿಯಾರದ ಗೋಪುರದ ಹತ್ತಿರ ಬಿಸಿ ಕೋಕೋ ಹಿಡಿದು ನಿಂತರೆ ಅರ್ಧ ಊರು ಕಣ್ಣಿಗೆ ಬೀಳುತ್ತದೆ. ಗಾಜಿನ ಮ್ಯೂಸಿಯಂನಲ್ಲಿ ನೀನೇ ಊದಿ ಗಾಜಿನ ಗುಂಡು ಮಾಡಿಕೊಂಡು ಬರಬಹುದು. ಮುಂಚೆ ಬುಕ್ ಮಾಡು, ಹಬ್ಬದ ಹೊತ್ತಿಗೆ ಜಾಗ ತುಂಬಿಹೋಗುತ್ತದೆ. ದೇವಸ್ಥಾನ ಬೇಕು ಅನ್ನಿಸಿದರೆ ರೋಚೆಸ್ಟರ್ ಕಡೆ ಹೋಗಬೇಕು, ಹೆಚ್ಚುಕಮ್ಮಿ ಎರಡು ಗಂಟೆ ದಾರಿ.

ಇನ್ನು ಆ ಮಳಿಗೆ ವಿಷಯ.

ಮೊದಲು ಒಂದು ಪ್ರಶ್ನೆ. ನಿನ್ನದು ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಕೊಡುವ ವೀಸಾ ಅಲ್ವಾ? ಹಾಗಿದ್ದರೆ ಕೆಲಸದ ಪರವಾನಗಿ ಇಲ್ಲದೆ ನೀನು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವ ಹಾಗಿಲ್ಲ. 2015ರಿಂದ ಎಚ್-4ನವರಿಗೂ ಪರವಾನಗಿ ಕೊಡುತ್ತಿದ್ದಾರೆ. ಆದರೆ ಗಂಡನ ಗ್ರೀನ್ ಕಾರ್ಡಿನ ಕೆಲಸ ಒಂದು ಹಂತ ದಾಟಿ ಐ-140 ಅನ್ನುವ ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಅವನ ವೀಸಾ ಆರು ವರ್ಷ ಮೀರಿ ವಿಸ್ತರಣೆಯಲ್ಲಿರಬೇಕು. ಬಂದು ಮೂರು ತಿಂಗಳಾಗಿಲ್ಲ, ನಿಮ್ಮದು ಎರಡೂ ಆಗಿರಲಾರದು. "ಮನೆಯಲ್ಲೇ ಮಾಡಿ ನಾಲ್ಕು ಜನಕ್ಕೆ ಮಾರಿದರೆ ಯಾರು ಕೇಳುತ್ತಾರೆ" ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡ. ಸಣ್ಣ ಊರಿದು. ಯಾರು ಏನು ಮಾರುತ್ತಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಹಾಗಾದರೆ ಮುಂದೆ ಓದುವುದೇ ಬೇಡ ಅಂದುಕೊಳ್ಳಬೇಡ. ಪರವಾನಗಿ ಇವತ್ತಲ್ಲ ನಾಳೆ ಬರುತ್ತದೆ. ಮಳಿಗೆಯೂ ಖಾಲಿಯೇ ಇರುತ್ತದೆ. ನಾನೂ ಆ ಬೀದಿಯ ಪಕ್ಕದ ಓಣಿಯಲ್ಲಿ ಅಂಗಡಿ ಇಟ್ಟಿದ್ದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ನಿನ್ನ ಕಾಲಕ್ಕೆ ಅದು ಹಳೇ ಕತೆ.

ನಾವು ಬಂದಿದ್ದು 2000ದ ಚಳಿಗಾಲಕ್ಕೆ. ಆಗ ಈ ಊರಿಗೆ ಸುಗ್ಗಿ. ದೂರದವರೆಗೆ ಬೆಳಕು ಹರಿಯುವಂಥ ಗಾಜಿನ ಎಳೆಯನ್ನು 1970ರಲ್ಲಿ ಇಲ್ಲಿನ ಗಾಜಿನ ಕಂಪನಿಯವರೇ ಮಾಡಿದ್ದು. ಇಂಟರ್ನೆಟ್ ಬಂದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಬಾಡಿಗೆಗೆ ಮನೆ ಸಿಗದೆ ನಾವು ಎಷ್ಟೋ ದಿನ ಮೋಟೆಲಿನಲ್ಲಿ ಅನ್ನ ಬೇಯಿಸಿಕೊಂಡು ಇದ್ದೆವು. ಕಂಪನಿಯ ಷೇರು ಆ ವರ್ಷ 100 ಡಾಲರ್ ದಾಟಿತ್ತು. 2002ರ ಅಕ್ಟೋಬರಿಗೆ ಅದು ಒಂದೆರಡು ಡಾಲರಿಗೆ ಬಂದು ಕೂತಿತು. ಬಂದ ವರ್ಷ ದೀಪಾವಳಿಗೆ ಕೂಡಿದ ನಮ್ಮ ಕಡೆಯ ಮನೆಗಳಲ್ಲಿ ಅರ್ಧಕ್ಕರ್ಧ ಊರು ಬಿಟ್ಟವು. ಆಗ ನನಗೆ ಒಂದು ವಿಷಯ ಗೊತ್ತಾಯಿತು. ಈ ಊರಲ್ಲಿ ವ್ಯಾಪಾರದ ಸುದ್ದಿ ಅಂದರೆ ಮೂಲದಲ್ಲಿ ಒಂದೇ ಸುದ್ದಿ. ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತರೆ ಬೇಕರಿಯಲ್ಲಿ ಕೇಕು ಉಳಿಯುತ್ತದೆ, ಹೇರ್ ಕಟಿಂಗ್ ಅಂಗಡಿ ಸೋಮವಾರದ ಜೊತೆಗೆ ಮಂಗಳವಾರವೂ ಬಾಗಿಲು ಹಾಕುತ್ತದೆ.

ಆದರೂ ಈ ಊರಿನ ಮೇಲೆ ನನಗೆ ಅಭಿಮಾನ, ಮುಚ್ಚಿಡುವುದಿಲ್ಲ. 1868ರಲ್ಲಿ ಬ್ರೂಕ್ಲಿನ್‌ನಿಂದ ಗಾಜಿನ ಕಾರ್ಖಾನೆ ಇಲ್ಲಿಗೆ ಬಂತು. ಎಡಿಸನ್ನನ ಬಲ್ಬಿಗೆ ಗಾಜು ಕೊಟ್ಟಿದ್ದು ಈ ಊರು. ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕಕ್ಕೆ ಎರಕ ಹೊಯ್ದ 200 ಇಂಚಿನ ಗಾಜಿನ ಬಿಲ್ಲೆಯಲ್ಲಿ ಮೊದಲನೆಯದು ಕೆಟ್ಟಿತು. ಕೆಟ್ಟಿದ್ದನ್ನು ಬಿಸಾಡದೆ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ, ಹೋದಾಗ ತಪ್ಪದೆ ನೋಡು. 1972ರ ಜೂನಿನಲ್ಲಿ ಚಂಡಮಾರುತದ ಮಳೆಗೆ ಚೆಮಂಗ್ ನದಿ ಉಕ್ಕಿ ಮಾರ್ಕೆಟ್ ಸ್ಟ್ರೀಟ್ ಪೂರ್ತಿ ಮುಳುಗಿತ್ತು. ಬೇರೆ ಊರಿನವರಾದರೆ ಒಡೆದು ಪಾರ್ಕಿಂಗ್ ಮಾಡುತ್ತಿದ್ದರು. ಇವರು ಹಳೇ ಇಟ್ಟಿಗೆ ಕಟ್ಟಡಗಳನ್ನು ಒಂದೊಂದಾಗಿ ರಿಪೇರಿ ಮಾಡಿ ನಿಲ್ಲಿಸಿಕೊಂಡರು. ನೀನು ಈಗ ನೋಡಿ ಮರುಳಾಗಿರುವುದು ಆ ಬೀದಿಗೇ.

ನಾನೂ ಮರುಳಾಗಿದ್ದೆ. ಗ್ರೀನ್ ಕಾರ್ಡ್ ಬಂತು, ಮಕ್ಕಳು ಹೈಸ್ಕೂಲಿಗೆ ಹೋದರು, ಅಂಗಡಿ ಹಾಕಿದೆ. ಶಿರಸಿ ಪೇಟೆಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಗಲ್ಲಾದ ಪಕ್ಕ ಕೂತೇ ಮಗ್ಗಿ ಕಲಿತವಳು ನಾನು. ಇಲಕಲ್ ಸೀರೆಯಲ್ಲಿ ಹೊಲಿಸಿದ ದಿಂಬಿನ ಚೀಲ, ಕಸೂತಿಯ ಕೈಚೀಲ, ಗಂಧದ ಸೋಪು, ಚಹಾ ಮಸಾಲೆ, ಚನ್ನಪಟ್ಟಣದ ಅರಗಿನ ಸಾಮಾನು ಎಲ್ಲ ಇಟ್ಟೆ. ಚನ್ನಪಟ್ಟಣದ ಆಟಿಕೆಯನ್ನು ಆಟಿಕೆ ಅಂತ ಮಾರಬೇಕಾದರೆ 2008ರ ಕಾನೂನಿನ ಪ್ರಕಾರ ಪ್ರಯೋಗಾಲಯದ ಪರೀಕ್ಷೆ, ಸರ್ಟಿಫಿಕೇಟ್ ಎಲ್ಲ ಬೇಕು. ಸಣ್ಣ ಅಂಗಡಿಗೆ ಆ ಖರ್ಚು ಹುಟ್ಟುವುದಿಲ್ಲ. ಹಾಗಾಗಿ ನಾನು ತರಿಸಿದ್ದು ಬಟ್ಟಲು, ಕುಂಕುಮದ ಭರಣಿ, ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಬುಗುರಿಯಂಥ ಅಲಂಕಾರ. ಹಳದಿ, ಕೆಂಪು, ಹಸಿರು. ಇಲ್ಲಿನ ಹಸಿರು ಮರದಲ್ಲಿ ಅವು ಎಷ್ಟು ಚೆಂದ ಕಂಡವು ಗೊತ್ತಾ!

ಉದ್ಘಾಟನೆಗೆ ಊರಿನ ವ್ಯಾಪಾರಿಗಳ ಸಂಘದ (ಚೇಂಬರ್) ಜನ ಉದ್ದನೆ ಕತ್ತರಿ, ರಿಬ್ಬನ್ ಹಿಡಿದು ಬಂದರು. ಊರ ಪತ್ರಿಕೆಯಲ್ಲಿ ಫೋಟೋ ಬಂತು. ಒಳಗೆ ಪೂಜೆ ಮಾಡಿಕೊಂಡೆ, ಆದರೆ ಕರ್ಪೂರ ಹಚ್ಚುವ ಹಾಗಿರಲಿಲ್ಲ, ತಲೆ ಮೇಲೇ ಹೊಗೆಯ ಅಲಾರಂ. ಕಾಯಿ ಹಿಂಬಾಗಿಲ ಮೆಟ್ಟಿಲ ಮೇಲೆ ಒಡೆದೆ. ಆ ಡಿಸೆಂಬರಿನಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ಮುಟ್ಟಿ ನೋಡಿದರು, ಎಷ್ಟು ಚೆಂದ ಅಂದರು, ತಗೊಂಡರೂ ತಗೊಂಡರು. ರಾತ್ರಿ ಲೆಕ್ಕ ಮಾಡುವಾಗ ಕೈ ನಡುಗುತ್ತಿತ್ತು.

ಜನವರಿ ಬಂತು. ಹೊರ ಊರಿನವರು ಹೋದರು. ಊರಿನವರು ಹಬ್ಬದ ಕಾರ್ಡ್ ಬಿಲ್ಲು ತೀರಿಸುತ್ತಾ ಕೂತರು. ಬೆಳಗ್ಗೆ ಎದ್ದು ಅಂಗಡಿ ಮುಂದಿನ ಕಾಲುದಾರಿಯ ಹಿಮ ಕೆರೆಯುವುದು ನನ್ನದೇ ಕೆಲಸ. ಕೆರೆದು, ಉಪ್ಪು ಎರಚಿ, ದೀಪ ಹಾಕಿ ಕೂತರೆ ಎಷ್ಟೋ ದಿನ ಬೋಣಿಯೇ ಆಗುತ್ತಿರಲಿಲ್ಲ. ಹೀಟಿಂಗ್ ಬಿಲ್ಲು ಮಾತ್ರ ಬಾಡಿಗೆಗೆ ಸಮ ಸಮ ಬಂತು. ಬೇಸಿಗೆಯಲ್ಲಿ ಮ್ಯೂಸಿಯಂ ನೋಡುವವರು, ಅಕ್ಟೋಬರಿನಲ್ಲಿ ಎಲೆ ಬಣ್ಣ ನೋಡುವವರು ಬಂದು ಸ್ವಲ್ಪ ಎತ್ತಿ ನಿಲ್ಲಿಸುತ್ತಿದ್ದರು. ಮತ್ತೆ ಡಿಸೆಂಬರ್, ಮತ್ತೆ ಅದೇ ಸಂಭ್ರಮ. ಮತ್ತೆ ಫೆಬ್ರವರಿ.

ಶಿರಸಿಯ ಮಾರಿಕಾಂಬಾ ಜಾತ್ರೆ ನಿನಗೆ ಗೊತ್ತಿರಬೇಕು. ಎರಡು ವರ್ಷಕ್ಕೊಮ್ಮೆ, ಬಿಡ್ಕಿಬೈಲಿನಲ್ಲಿ ಲಕ್ಷಾಂತರ ಜನ. ಆ ಜನ ಅಪ್ಪನ ಅಂಗಡಿಗೂ ನುಗ್ಗುತ್ತಿದ್ದರು. ಅಪ್ಪ ಆ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತಿದ್ದ, ದಿನದ ಲೆಕ್ಕಕ್ಕೆ ಸೇರಿಸುತ್ತಲೇ ಇರಲಿಲ್ಲ. ಅಂಗಡಿ ನಡೆಯುತ್ತಿದ್ದದ್ದು ಉದ್ರಿ ಪುಸ್ತಕದಲ್ಲಿ ಹೆಸರಿದ್ದ ಸುತ್ತಲ ಹಳ್ಳಿಯವರಿಂದ. ಅಡಿಕೆ ಮಾರಿದ ಮೇಲೆ ಬಂದು ಲೆಕ್ಕ ತೀರಿಸುತ್ತಿದ್ದರಲ್ಲ, ಅವರು. ಇಲ್ಲಿ ನನಗೆ ಜಾತ್ರೆ ಇತ್ತು, ಉದ್ರಿ ಪುಸ್ತಕದ ಜನ ಇರಲಿಲ್ಲ. ನಮ್ಮವರು ಬರುತ್ತಾರೆ ಅಂದುಕೊಂಡಿದ್ದೆ. ನಮ್ಮವರು ತಿಂಗಳಿಗೋ ಎರಡು ತಿಂಗಳಿಗೋ ನಾಲ್ಕು ಗಂಟೆ ಕಾರು ಓಡಿಸಿ ನ್ಯೂಜೆರ್ಸಿಯ ಎಡಿಸನ್ ಊರಿನ ಇಂಡಿಯನ್ ಅಂಗಡಿಗಳಿಗೆ ಹೋಗಿ ಡಿಕ್ಕಿ ತುಂಬ ಸಾಮಾನು ತರುತ್ತಿದ್ದರು. ಅಲ್ಲಿ ಅಗ್ಗ, ನಿಜ. ಬಂದ ಮೇಲೆ ನನ್ನ ಅಂಗಡಿಗೆ ಬಂದು ಕುಶಲ ವಿಚಾರಿಸಿ, ಚಹಾ ಕುಡಿದು ಹೋಗುತ್ತಿದ್ದರು. ಫೆಬ್ರವರಿಯಲ್ಲಿ ತಪ್ಪದೆ ಬರುತ್ತಿದ್ದವರು ಬೆರಳೆಣಿಕೆ. ಅದರಲ್ಲೊಬ್ಬರು ನಿವೃತ್ತ ಟೀಚರ್, ಅರಿಶಿನ ತಗೊಂಡು ಹೋಗುತ್ತಿದ್ದರು. ಅಷ್ಟು ಅರಿಶಿನ ಆಕೆ ಏನು ಮಾಡುತ್ತಿದ್ದರೋ ದೇವರೇ ಬಲ್ಲ. ಇವತ್ತಿಗೂ ಆಕೆಯ ಮನೆಗೆ ದೀಪಾವಳಿಗೆ ಹೋಳಿಗೆ ಕಳಿಸುತ್ತೇನೆ.

ಮುಚ್ಚುತ್ತೇನೆ ಅಂದಾಗ ಊರ ಪತ್ರಿಕೆಯವರು ಮತ್ತೆ ಬಂದರು. ತೆರೆದಾಗ ಒಂದು ಫೋಟೋ ಹಾಕಿದ್ದವರು ಈಗ ಅರ್ಧ ಪುಟ ಬರೆದರು. ಮರುದಿನ ಬಾಗಿಲ ಹೊರಗೆ ಸಾಲು ನಿಂತಿತು. "ಇಂಥ ಅಂಗಡಿ ಇದೆ ಅಂತಲೇ ಗೊತ್ತಿರಲಿಲ್ಲ, ಪಾಪ" ಅಂತ ನನ್ನ ಎದುರಿಗೇ ಹೇಳಿದರು. ಬೇಜಾರಿನಿಂದಲೇ ಹೇಳಿದ್ದು, ನಾಟಕ ಅಲ್ಲ. ಅರ್ಧ ಬೆಲೆಗೆ ಎಲ್ಲ ಖಾಲಿಯಾಯಿತು.

ನಷ್ಟ ಮರೆತಿದ್ದೇನೆ. ಮರೆಯಲಾಗದ್ದು ಬೇರೆ. ಅಪ್ಪ ಭಾನುವಾರ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು "ಬೋಣಿ ಆಯ್ತಾ?" ಮಕ್ಕಳ ವಿಷಯ ಆಮೇಲೆ. ಅಮೆರಿಕಕ್ಕೆ ಬಂದು ಒಂದು ದಿನ ನಿನ್ನ ಗಲ್ಲಾದಲ್ಲಿ ಕೂರಬೇಕು ಅನ್ನುತ್ತಿದ್ದ. ಪಾಸ್‌ಪೋರ್ಟ್ ಮಾಡಿಸಿದ್ದ. ಮಂಡಿ ನೋವು, ಚಳಿ, ಮುಂದಿನ ಬೇಸಿಗೆ ಅಂತ ದಿನ ತಳ್ಳಿದೆವು. ಅವನು ಬರುವ ಹೊತ್ತಿಗೆ ಆ ಜಾಗದಲ್ಲಿ ಯೋಗ ಕ್ಲಾಸು ನಡೆಯುತ್ತಿತ್ತು. ಗಾಜಿನೊಳಗೆ ಬಗ್ಗಿ ನೋಡಿ, "ಜಾಗ ಒಳ್ಳೇದಿತ್ತು" ಅಂದ. ಮತ್ತೆ ಆ ಮಾತು ತೆಗೆಯಲಿಲ್ಲ.

ಸರಿ, ಲೆಕ್ಕದ ಮಾತಿಗೆ ಬರುತ್ತೇನೆ. ಆ ಮಳಿಗೆಯ ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀನು ಹೀಟಿಂಗ್ ಯಾರದು, ಕಟ್ಟಡದ ತೆರಿಗೆ ಯಾರದು, ವಿಮೆ ಯಾರದು ಅಂತ ಕೇಳು. ಹಿಂದಿನವರು ಯಾಕೆ ಬಿಟ್ಟರು ಅಂತ ಮಾಲೀಕನನ್ನಲ್ಲ, ಪಕ್ಕದ ಅಂಗಡಿಯವರನ್ನು ಕೇಳು. ಊರಿಂದ ಸರಕು ತರಿಸುವುದೂ ಮೊದಲಿನ ಹಾಗಿಲ್ಲ. 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಸುಂಕವಿಲ್ಲ ಅನ್ನುವ ಸೌಲಭ್ಯವನ್ನು 2025ರ ಆಗಸ್ಟಿನಲ್ಲಿ ನಿಲ್ಲಿಸಿದರು. ತಮ್ಮನ ಕೈಲಿ ಒಂದು ಡಬ್ಬ ಕಳಿಸಿಕೊಂಡು ಮಾರುವ ಲೆಕ್ಕಾಚಾರ ಬಿಟ್ಟುಬಿಡು. ಇಲ್ಲಿ ಮಾರಾಟ ತೆರಿಗೆ 8 ಪರ್ಸೆಂಟ್. ಅದನ್ನು ವಸೂಲು ಮಾಡಿ ಕಟ್ಟಲು ರಾಜ್ಯದಿಂದ ಮೊದಲೇ ಸರ್ಟಿಫಿಕೇಟ್ ತಗೋಬೇಕು.

ತಿಂಡಿ ಮಾರಬೇಕು ಅಂತಿದ್ದರೆ ಮನೆಯ ಅಡುಗೆಮನೆಯನ್ನೇ ರಾಜ್ಯದ ಕೃಷಿ ಇಲಾಖೆಯಲ್ಲಿ ನೋಂದಾಯಿಸಬಹುದು. ಬಿಸ್ಕತ್ತು, ಬ್ರೆಡ್ಡು, ಜಾಮ್ ಥರದ್ದಕ್ಕೆ ಒಪ್ಪುತ್ತಾರೆ. ಉಪ್ಪಿನಕಾಯಿಗೆ ಒಪ್ಪುವುದಿಲ್ಲ, ಫ್ರಿಜ್ಜಿನಲ್ಲಿಡಬೇಕಾದ್ದಕ್ಕೂ ಇಲ್ಲ. ಚಕ್ಕುಲಿ ಕೋಡುಬಳೆ ಕರಿಯುವ ಮುಂಚೆ ಬರೆದು ಕೇಳಿ, ಉತ್ತರ ಕೈಯಲ್ಲಿಟ್ಟುಕೊಂಡು ಒಲೆ ಹಚ್ಚು. ಪರವಾನಗಿ ಬಂದ ಮೇಲೂ ಒಂದು ವರ್ಷ ಚರ್ಚಿನ ಸಂತೆಯಲ್ಲಿ, ಅಗ್ನಿಶಾಮಕದವರ ಹಾಲಿನ ಸಂತೆಯಲ್ಲಿ ಒಂದು ಮೇಜು ಬಾಡಿಗೆಗೆ ತಗೊಂಡು ಮಾರು. ಒಂದು ದಿನದ ಬಾಡಿಗೆ, ಮನೆಗೆ ಬಂದು ಮಲಗು.

ಅಲ್ಲಿಯವರೆಗೆ ಸುಮ್ನೆ ಕೂರಬೇಡ. ದುಡ್ಡಿಲ್ಲದ ಸೇವೆಗೆ ಸ್ವಯಂಸೇವಾ ಸಂಸ್ಥೆಗಳಲ್ಲಿ ಯಾವಾಗಲೂ ಜನ ಬೇಕು. ಲೈಬ್ರರಿಯಲ್ಲಿ, ಆಹಾರ ಹಂಚುವಲ್ಲಿ ಹೆಸರು ಕೊಡು. ಮಾರ್ಕೆಟ್ ಸ್ಟ್ರೀಟಿನಲ್ಲಿ ನಿನಗೆ ಇಷ್ಟವಾದ ಎರಡು ಅಂಗಡಿ ಆರಿಸಿಕೋ. ಸ್ಪಾರ್ಕಲ್ ದಿನ ಅವರಿಗೆ ನೀನು ಬೇಕಿಲ್ಲ, ಜನವರಿಯಲ್ಲಿ ಹೋಗು. ಐದು ಡಾಲರಿನದ್ದೇ ತಗೋ, ಹೆಸರು ಹೇಳಿ ಪರಿಚಯ ಮಾಡಿಕೋ. ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಯಾವ ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಏನು ತಗೊಳ್ಳುತ್ತಿದ್ದಾರೆ ಅಂತ ಬರೆದುಕೋ. ಆ ಚೀಟಿ ಹಿಡಿದು ನಮ್ಮ ಮನೆಗೆ ಬಾ, ಕೂತು ಮಾತಾಡೋಣ. ಆಗಲೂ ಅಂಗಡಿ ಹಾಕಲೇಬೇಕು ಅನ್ನಿಸಿದರೆ ನನ್ನ ಹಳೇ ಲೆಕ್ಕದ ಪುಸ್ತಕ ಪೂರ್ತಿ ತೋರಿಸುತ್ತೇನೆ.

ಮತ್ತೆ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ನೀವೂ ಎಡಿಸನ್‌ಗೆ ಹೋಗುತ್ತೀರಿ ಅಂತ ಕೇಳಿದೆ. ಬೈಯುವುದಿಲ್ಲ ಮಾರಾಯ್ತಿ, ಹೋಗಿಬನ್ನಿ. ಅಪ್ಪೆಮಿಡಿ ಉಪ್ಪಿನಕಾಯಿ ಕಂಡರೆ ನನಗೊಂದು ಬಾಟಲಿ ತಾ.