ಹಂಡೆಯ ಬಿಸಿನೀರು, ಒಡೆದ ಮೈ

ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷವೂ ಮೊಣಕಾಲಿನ ಕೆಳಗೆ ಅವರ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗಿ, ಗೆರೆಗೆರೆಯಾಗಿ ಒಡೆಯುತ್ತದೆ. ರಾತ್ರಿ ತುರಿಕೆಯಿಂದ ನಿದ್ದೆ ಬರುವುದಿಲ್ಲ. ಬಿಸಿನೀರು ಬಿದ್ದಾಗ ಹಾಯೆನಿಸುತ್ತದೆ ಎಂದು ದಿನಕ್ಕೆ ಎರಡು ಬಾರಿ ಸ್ನಾನ ಮಾಡುತ್ತಾರೆ. ನೀರು ಹೆಚ್ಚು ಕುಡಿಯಬೇಕೆಂದು ಎಲ್ಲರೂ ಹೇಳುತ್ತಾರೆ. ಕುಡಿದರೂ ಗುಣ ಕಾಣಲಿಲ್ಲ. ಏನು ಮಾಡಬೇಕು?
– ಓದುಗರು, ವಿಜಯಪುರ

ಉತ್ತರ: ಹಾಯೆನಿಸುವ ಆ ಬಿಸಿನೀರೇ ನಿಮ್ಮ ಅತ್ತೆಯವರ ತೊಂದರೆಯನ್ನು ಬೆಳೆಸುತ್ತಿರುವ ಸಾಧ್ಯತೆ ಹೆಚ್ಚು. ಚರ್ಮದ ಅತ್ಯಂತ ಹೊರಗಿನ ಪದರದಲ್ಲಿ ಸತ್ತ ಜೀವಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳಿಂದಾದ ಜಿಡ್ಡಿನ ತೆಳು ಲೇಪವೊಂದಿದ್ದು, ಒಳಗಿನ ತೇವ ಆರಿಹೋಗದಂತೆ ಅದು ತಡೆಯುತ್ತದೆ. ವಯಸ್ಸಾದಂತೆ ಈ ಜಿಡ್ಡು ತಾನಾಗಿಯೇ ಕಡಿಮೆಯಾಗುತ್ತದೆ. ಮೊಣಕಾಲಿನ ಕೆಳಗಂತೂ ಎಣ್ಣೆ ಸೂಸುವ ಗ್ರಂಥಿಗಳು ಮೊದಲಿನಿಂದಲೂ ವಿರಳ. ಉಳಿದಷ್ಟನ್ನು ಹಂಡೆಯ ಸುಡುನೀರು ಮತ್ತು ಸಾಬೂನು ತೊಳೆದುಬಿಟ್ಟರೆ, ನಿಮ್ಮ ಭಾಗದ ಒಣಗಾಳಿಗೆ ತಡೆಯೇ ಇರುವುದಿಲ್ಲ. ಕೆರೆ ಬತ್ತಿದಾಗ ತಳದ ಮಣ್ಣು ಬಿರಿಯುವಂತೆ ಚರ್ಮ ಬಿರಿಯುತ್ತದೆ.

ನೀರು ಕುಡಿಯುವ ಸಲಹೆಯ ಬಗ್ಗೆ ಒಂದು ಮಾತು. ನಿಮ್ಮ ಮನೆಯ ಜೋಳದ ರೊಟ್ಟಿಯನ್ನೇ ನೋಡಿ: ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಂಜೆಯವರೆಗೂ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟದ್ದು ಖಡಕ್ ಆಗುತ್ತದೆ, ಎರಡಕ್ಕೂ ನಾದುವಾಗ ಹಾಕಿದ ನೀರು ಒಂದೇ. ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿದರೆ ಸಾಕು. ಸರಿಪಡಿಸಬೇಕಾದದ್ದು ಬಚ್ಚಲಿನಲ್ಲಿದೆ.

ಸ್ನಾನ ದಿನಕ್ಕೆ ಒಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷದೊಳಗೆ ಮುಗಿಯಲಿ. ಸಾಬೂನನ್ನು ಕಂಕುಳು, ತೊಡೆಸಂದಿ ಮತ್ತು ಪಾದಗಳಿಗೆ ಮಾತ್ರ ಬಳಸಿದರೆ ಸಾಕು, ಏಕೆಂದರೆ ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ ಮತ್ತು ಸಾಮಾನ್ಯ ಸಾಬೂನಿನ ಕ್ಷಾರ ಆ ಗುಣವನ್ನು ಕೆಡಿಸುತ್ತದೆ. ಮೈಯನ್ನು ಉಜ್ಜದೆ, ಟವೆಲ್ ಒತ್ತಿ ನೀರನ್ನು ಹೀರಿಸಿ, ಚರ್ಮ ಇನ್ನೂ ಹಸಿಯಾಗಿರುವಾಗಲೇ, ಅಂದರೆ ಮೂರು ನಿಮಿಷಗಳೊಳಗೆ, ಮಾಯಿಶ್ಚರೈಸರ್ ಹಚ್ಚಬೇಕು. ಮಲಗುವ ಮುನ್ನ ಮತ್ತೊಮ್ಮೆ ಹಚ್ಚಲಿ. ವಯಸ್ಕರ ಇಡೀ ಮೈಗೆ ಒಮ್ಮೆ ಹಚ್ಚಲು ಸುಮಾರು 30 ಗ್ರಾಂ ಬೇಕಾಗುತ್ತದೆ. 50 ಗ್ರಾಂಗಳ ದುಬಾರಿ ಟ್ಯೂಬನ್ನು ತಿಂಗಳಿಡೀ ಬೊಟ್ಟಿನಂತೆ ಇಟ್ಟುಕೊಳ್ಳುವುದಕ್ಕಿಂತ, ಅಗ್ಗದ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಹಚ್ಚುವುದು ಮೇಲು. ತೇವ ಆರದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವ ವಸ್ತು ಬಹಳವಿಲ್ಲ.

ಎರಡು ವಾರ ಹೀಗೆ ಮಾಡಿಯೂ ತುರಿಕೆ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಮತ್ತು ಮೂತ್ರಪಿಂಡದ ತೊಂದರೆಗಳು ಕೆಲವೊಮ್ಮೆ ಒಣ ಚರ್ಮದ ವೇಷದಲ್ಲಿ ಬರುತ್ತವೆ. ಬೆರಳ ಸಂದಿಗಳಲ್ಲಿ, ಮಣಿಕಟ್ಟಿನಲ್ಲಿ ಗುಳ್ಳೆಗಳೆದ್ದು, ಮನೆಯ ಬೇರೆಯವರಿಗೂ ರಾತ್ರಿ ಕಡಿತ ಶುರುವಾಗಿದ್ದರೆ ಅದು ಕಜ್ಜಿಯಾಗಿರಬಹುದು. ಅದರ ಚಿಕಿತ್ಸೆಯೇ ಬೇರೆ, ಅದನ್ನು ಮನೆಮಂದಿಯೆಲ್ಲ ಒಟ್ಟಿಗೆ ಪಡೆಯಬೇಕಾಗುತ್ತದೆ.

ಪ್ರಶ್ನೆ: ನಾವು ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಅಭ್ಯಂಜನ ಮಾಡುತ್ತೇವೆ. ಆದರೂ ಮರುದಿನವೇ ಮೈ ಬಿಗಿಯುತ್ತದೆ. ಎಣ್ಣೆ ಕೆಲಸ ಮಾಡುವುದಿಲ್ಲವೇ?
– ಓದುಗರು, ಧಾರವಾಡ

ಉತ್ತರ: ಎಣ್ಣೆ ಕೆಲಸ ಮಾಡುತ್ತದೆ, ಆದರೆ ನೀವು ಅದನ್ನು ಉಳಿಯಗೊಡುತ್ತಿಲ್ಲ. ಹಚ್ಚಿದ ಎಣ್ಣೆಯನ್ನು ಸೀಗೆಪುಡಿ, ಕಡಲೆಹಿಟ್ಟು ಮತ್ತು ಸುಡುನೀರಿನಿಂದ ಉಜ್ಜಿ ತೆಗೆಯುವಾಗ ಚರ್ಮದ ಸ್ವಂತ ಜಿಡ್ಡೂ ಅದರ ಜೊತೆಗೆ ಹೋಗುತ್ತದೆ. ಹಬ್ಬದ ಅಭ್ಯಂಜನವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆ ಸುಖವನ್ನು ನಾನೂ ಬಿಟ್ಟಿಲ್ಲ. ಚಳಿಗಾಲದಲ್ಲಿ ಸೀಗೆಪುಡಿ ತಲೆಗೆ ಮಾತ್ರ ಇರಲಿ, ನೀರಿನ ಬಿಸಿ ತಗ್ಗಲಿ, ಸ್ನಾನವಾದ ಮೇಲೆ ಹಸಿ ಮೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಮತ್ತೆ ಸವರಿ. ಈ ಎರಡನೆಯ ಎಣ್ಣೆಯನ್ನು ವಾರಕ್ಕೊಮ್ಮೆಯಲ್ಲ, ಪ್ರತಿದಿನವೂ ಹಚ್ಚಬೇಕು.

ಪ್ರಶ್ನೆ: ನಾವು ದೆಹಲಿಯಲ್ಲಿದ್ದೇವೆ. ಹತ್ತು ತಿಂಗಳ ಮಗುವಿನ ಕೆನ್ನೆ ಒರಟಾಗಿ ಕೆಂಪಾಗಿದೆ. ನೆರೆಯವರು ಸಾಸಿವೆ ಎಣ್ಣೆಯಿಂದ ತಿಕ್ಕಲು ಹೇಳುತ್ತಾರೆ. ಕೋಣೆಯಲ್ಲಿ ರಾತ್ರಿಯಿಡೀ ಹೀಟರ್ ಇರುತ್ತದೆ.
– ಓದುಗರು, ದೆಹಲಿ

ಉತ್ತರ: ಸಾಸಿವೆ ಎಣ್ಣೆ ಬೇಡ. ಅದರ ಖಾರ ಎಳೆಯ ಚರ್ಮವನ್ನು ಕೆರಳಿಸುತ್ತದೆ. ಹೀಟರ್‌ನ ವಿಷಯ ಇನ್ನೂ ಮುಖ್ಯವಾದದ್ದು: 10 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 9 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅದೇ ಗಾಳಿಯನ್ನು 25 ಡಿಗ್ರಿಗೆ ಕಾಯಿಸಿದಾಗ ಸುಮಾರು 23 ಗ್ರಾಂ. ಹೀಟರ್ ಕಾವನ್ನು ಕೊಡುತ್ತದೆಯೇ ಹೊರತು ನೀರನ್ನು ಕೊಡುವುದಿಲ್ಲವಾದ್ದರಿಂದ, ಕಾದ ಗಾಳಿ ಆ ಕೊರತೆಯನ್ನು ಮಗುವಿನ ಚರ್ಮ, ತುಟಿ, ಮೂಗಿನಿಂದ ತುಂಬಿಕೊಳ್ಳುತ್ತದೆ. ಮಲಗುವ ಮೊದಲು ಕೋಣೆಯನ್ನು ಬೆಚ್ಚಗೆ ಮಾಡಿ, ಮಗು ಮಲಗಿದ ಮೇಲೆ ಹೀಟರ್ ಆರಿಸಿ, ಇನ್ನೊಂದು ಪದರ ಬಟ್ಟೆ ತೊಡಿಸಿ. ಉಣ್ಣೆಯ ಬಟ್ಟೆ ನೇರವಾಗಿ ಮೈಗೆ ತಾಗದಂತೆ ಒಳಗೆ ಹತ್ತಿಯದ್ದಿರಲಿ. ಕೆನ್ನೆಗೆ ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹಚ್ಚಿ. ಕೆಂಪು ಹರಡಿದರೆ ಅಥವಾ ನೀರೊಸರಿದರೆ ಅದು ಎಕ್ಸಿಮಾ ಆಗಿರಬಹುದು, ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ತಂದೆಯವರು ಹೊಲದಲ್ಲಿ ದುಡಿಯುವವರು, ಸಕ್ಕರೆ ಕಾಯಿಲೆ ಇದೆ. ಹಿಮ್ಮಡಿ ಆಳವಾಗಿ ಒಡೆದಿದ್ದರೂ ನೋವಿಲ್ಲ ಎನ್ನುತ್ತಾರೆ. ಬಿಸಿನೀರಿನಲ್ಲಿ ಕಾಲಿಟ್ಟು, ಬ್ಲೇಡಿನಿಂದ ಹೆರೆಯುತ್ತಾರೆ.
– ಓದುಗರು, ಗದಗ

ಉತ್ತರ: ಬ್ಲೇಡನ್ನು ಇಂದೇ ಅವರ ಕೈಯಿಂದ ತೆಗೆದಿಡಿ. ಆಳವಾದ ಒಡಕಿನಲ್ಲಿ ನೋವಿಲ್ಲದಿರುವುದು ಸಮಾಧಾನದ ಸಂಗತಿಯಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕಾಗಿಸಿರಬಹುದು. ಅದೇ ನರಗಳು ಸೊರಗಿದಾಗ ಬೆವರೂ ಕಡಿಮೆಯಾಗಿ ಪಾದ ಒಣಗುತ್ತದೆ. ಸುಟ್ಟರೂ ತಿಳಿಯದ ಕಾಲನ್ನು ಬಿಸಿನೀರಿನಲ್ಲಿ ಇಡುವಂತಿಲ್ಲ. ಈ ವಾರವೇ ವೈದ್ಯರಿಗೆ ಪಾದ ತೋರಿಸಿ, ಕೀವು, ರಕ್ತ ಅಥವಾ ಊತವಿದ್ದರೆ ಇಂದೇ ತೋರಿಸಿ. ಒಡಕು ಮಾಯ್ದ ಮೇಲೆ, ದಪ್ಪಗಟ್ಟಿದ ಹಿಮ್ಮಡಿಗೆ ಶೇ 20ರಷ್ಟು ಯೂರಿಯಾ ಇರುವ ಕ್ರೀಮನ್ನು ವೈದ್ಯರನ್ನು ಕೇಳಿ ರಾತ್ರಿ ಹಚ್ಚಬಹುದು. ಬೆರಳ ಸಂದಿಗಳಿಗೆ ಬೇಡ. (ಕ್ರೀಮ್ ಔಷಧದ ಅಂಗಡಿಯದ್ದು. ಗೊಬ್ಬರದ ಚೀಲದ ಯೂರಿಯಾವನ್ನು ಕಲಸಿ ಹಚ್ಚಿಕೊಂಡವರನ್ನು ನಾನು ಕಂಡಿದ್ದೇನೆ.) ಹೊಲಕ್ಕೆ ಹೋಗುವಾಗ ಹಿಮ್ಮಡಿ ಮುಚ್ಚುವ ಪಾದರಕ್ಷೆ ಇರಲಿ, ಪ್ರತಿ ಸಂಜೆ ಅಂಗಾಲನ್ನು ಮನೆಯವರು ಯಾರಾದರೂ ನೋಡಲಿ.

ಪ್ರಶ್ನೆ: ಮುಖ ಒಣಗಿ ಉರಿಯುತ್ತಿದ್ದಾಗ ಅಂಗಡಿಯವರು ಕೊಟ್ಟ ಕ್ರೀಮ್ ಎರಡೇ ದಿನಕ್ಕೆ ಗುಣ ತಂದಿತು. ಬಿಟ್ಟರೆ ಮತ್ತೆ ಹೆಚ್ಚಾಗುತ್ತದೆ. ಚಳಿ ಮುಗಿಯುವವರೆಗೂ ಹಚ್ಚಬಹುದೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಎಂದಿದೆಯೇ ನೋಡಿ. ಇವು ಸ್ಟೀರಾಯ್ಡ್‌ಗಳು. ಸರಿಯಾದ ಕಾಯಿಲೆಗೆ, ಸರಿಯಾದ ಜಾಗಕ್ಕೆ, ಎಣಿಸಿದ ದಿನಗಳಿಗೆ ಇವು ಒಳ್ಳೆಯ ಔಷಧಗಳೇ. ಆದರೆ ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಕೆಂಪಾಗಿ ಕಾಣಿಸುತ್ತವೆ, ಮೊಡವೆ ಮತ್ತು ಕೂದಲು ಬೆಳೆಯುತ್ತವೆ. ಬಿಟ್ಟೊಡನೆ ಉರಿ ಹೆಚ್ಚುವುದೂ ಈ ಔಷಧದ ಅಭ್ಯಾಸದ ಗುರುತೇ ಇರಬಹುದು. ಹೊಸದನ್ನು ಕೊಳ್ಳಬೇಡಿ, ಉರಿ ತಾಳದೆ ಮತ್ತೆ ಮೊದಲಿನದಕ್ಕೇ ಹಿಂದಿರುಗಲೂ ಬೇಡಿ. ಚರ್ಮವೈದ್ಯರ ಬಳಿಗೆ ಹೋಗುವಾಗ ಅರ್ಧ ಖಾಲಿಯಾದ ಆ ಟ್ಯೂಬನ್ನು ತಪ್ಪದೆ ಜೊತೆಗೆ ಕೊಂಡೊಯ್ಯಿರಿ.